ಹಿರಿಯರ ಕೂಟವೂ ಋತುಸಂಧಿಯ ನೆಗಡಿಯೂ

ಮಾಘ ಕಳೆದು ಫಾಲ್ಗುಣ ಕಾಲಿರಿಸುವ ಈ ದಿನಗಳಲ್ಲಿ, ಮಠಮಂದಿರಗಳ ಆವರಣದಲ್ಲಿ ಸೇರುವ ಹಿರಿಯರ ಕೂಟಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಸಂಕ್ರಾಂತಿಯವರೆಗೆ ಒಂದು ದಿನವೂ ತಪ್ಪಿಸದೆ ಬರುತ್ತಿದ್ದವರಲ್ಲಿ ಕೆಲವರು ಈಗ ಕಾಣಿಸುವುದಿಲ್ಲ. ವಿಚಾರಿಸಿದರೆ ದೊಡ್ಡ ಕಾಯಿಲೆಯೇನೂ ಇರುವುದಿಲ್ಲ. ಬೆಳಗಾದರೆ ಹತ್ತಿಪ್ಪತ್ತು ಸೀನು, ನೀರಿಳಿಯುವ ಮೂಗು, ತುರಿಸುವ ಕಣ್ಣು, ರಾತ್ರಿ ಒಂದಿಷ್ಟು ಕೆಮ್ಮು. ಇಷ್ಟಕ್ಕೇ ಮನೆಯಲ್ಲಿ ಉಳಿಯಬೇಕೆ ಎಂದು ಕೇಳಿದರೆ, "ಪ್ರವಚನದ ನಡುವೆ ಸೀನಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಸಂಕೋಚವಾಗುತ್ತದೆ" ಎನ್ನುತ್ತಾರೆ. 2020ರ ಕೊರೋನಾ ಕಾಲದಿಂದೀಚೆಗೆ ಈ ಸಂಕೋಚ ಇಮ್ಮಡಿಯಾಗಿದೆ. ಮನೆಯ ಮಕ್ಕಳೂ ಕಾಳಜಿಯಿಂದಲೇ "ಅಪ್ಪಾ, ಈ ಧೂಳಿನಲ್ಲಿ ಹೊರಗೆ ಹೋಗುವುದು ಬೇಡ" ಎಂದು ತಡೆಯುತ್ತಾರೆ.

ಹೀಗೆ ತಡೆಯುವುದರಿಂದ ಆಗುವ ನಷ್ಟವನ್ನು ನಾವು ನಮ್ಮ ಚಿಕಿತ್ಸಾಲಯದಲ್ಲಿ ಮೂರು ದಶಕಗಳಿಗೂ ಮೀರಿ ಕಾಣುತ್ತ ಬಂದಿದ್ದೇವೆ. ಎಪ್ಪತ್ತು ದಾಟಿದವರು ಎರಡು ತಿಂಗಳು ಮನೆಯ ಪಡಸಾಲೆಯಲ್ಲಿ ಕುಳಿತರೆ ತೊಡೆಯ ಬಲ ಕುಗ್ಗುತ್ತದೆ. ಮತ್ತೆ ಹೊರಡಬೇಕೆಂದಾಗ ಮಠದ ನಾಲ್ಕು ಮೆಟ್ಟಿಲು ನಲವತ್ತಾಗಿ ತೋರುತ್ತವೆ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ಇದ್ದು, ಊರಲ್ಲಿ ಒಬ್ಬರೇ ಇರುವ ತಾಯಂದಿರ ಸಂಗತಿ ಇನ್ನೂ ಬೇರೆ. ತಮ್ಮೊಬ್ಬರಿಗಾಗಿ ಒಲೆ ಹಚ್ಚಲು ಬೇಸರಪಟ್ಟು ಅವಲಕ್ಕಿ, ಮಜ್ಜಿಗೆಯಲ್ಲಿ ದಿನ ದೂಡುವ ಅವರಿಗೆ ದಾಸೋಹದ ಪಂಕ್ತಿಯಲ್ಲಿ ಉಣ್ಣುವ ಊಟವೇ ದಿನದ ಪೂರ್ಣಾಹಾರ. ಮಾತು, ಹಾಡು, ನಡಿಗೆ, ಊಟ ಈ ನಾಲ್ಕೂ ಒಂದೇ ಏಟಿಗೆ ತಪ್ಪಿಹೋದ ಮೇಲೆ ನಿದ್ರೆ ಕೆಡುವುದು, ಹಸಿವು ಇಂಗುವುದು, ಮರೆವು ಹೆಚ್ಚುವುದು ಒಂದರ ಹಿಂದೊಂದು ಬರುತ್ತವೆ. ಸೀನಿನಿಂದ ಯಾರೂ ಸಾಯುವುದಿಲ್ಲ. ಸೀನಿಗೆ ಹೆದರಿ ಕೂಟವನ್ನು ಬಿಟ್ಟವರು ಮಾತ್ರ ಬೇಗನೆ ಮುಪ್ಪಾಗುತ್ತಾರೆ ಎಂಬುದು ನಮ್ಮ ಅನುಭವ. ಆದ್ದರಿಂದ ಈ ಲೇಖನದಲ್ಲಿ ನೆಗಡಿಗೆ ಔಷಧ ಹೇಳುವುದಕ್ಕಿಂತ, ನೆಗಡಿಯಿದ್ದೂ ಕೂಟಕ್ಕೆ ಬರುವ ಬಗೆಯನ್ನೇ ಹೆಚ್ಚಾಗಿ ವಿಚಾರಿಸಲಿದ್ದೇವೆ.

ಶಾಸ್ತ್ರ ಏನು ಹೇಳುತ್ತದೆ

ಇಂದಿನವರು ಅಲರ್ಜಿ ಎನ್ನುವುದನ್ನು ನಮ್ಮ ಶಾಸ್ತ್ರಗಳು ಬೇರೆ ಹೆಸರಿನಿಂದ ಬಲ್ಲವು. ಮೂಗಿನಿಂದ ನೀರಿಳಿಯುವ ರೋಗಕ್ಕೆ ಪ್ರತಿಶ್ಯಾಯವೆಂದು ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅದರ ಕಾರಣಗಳನ್ನು ಎಣಿಸುವಾಗ ಧೂಳು, ಹೊಗೆ, ಇಬ್ಬನಿ, ತಣ್ಣೀರು, ಅತಿಯಾದ ಮಾತು, ಅಜೀರ್ಣ, ನಿದ್ದೆಗೇಡು ಇವುಗಳ ಜೊತೆಯಲ್ಲಿಯೇ ಋತುವಿನ ವೈಷಮ್ಯವನ್ನೂ ಹೇಳಿದೆ. ಶ್ವಾಸರೋಗದ ಅಧ್ಯಾಯದಲ್ಲಿಯೂ ಧೂಳು, ಹೊಗೆ, ಗಾಳಿಗಳು ಕಾರಣವೆಂದಿದೆ. ತಮಕಶ್ವಾಸವು, ಎಂದರೆ ನಾವು ದಮ್ಮು ಎನ್ನುವುದು, ಮೋಡ ಕವಿದಾಗ, ಚಳಿಯಲ್ಲಿ, ಮೂಡಣ ಗಾಳಿ ಬೀಸಿದಾಗ ಉಲ್ಬಣಿಸುತ್ತದೆಂದೂ, ಎದ್ದು ಕುಳಿತರೆ ರೋಗಿಗೆ ಸಮಾಧಾನವಾಗುತ್ತದೆಂದೂ ಸ್ಪಷ್ಟವಾಗಿ ಬರೆದಿದೆ. ಇಂದಿನ ವಿಜ್ಞಾನವು ಇದನ್ನೇ ಒಳಗಿನಿಂದ ವಿವರಿಸುತ್ತದೆ: ಉಳಿದವರ ದೇಹ ಲೆಕ್ಕಕ್ಕೇ ಇಟ್ಟುಕೊಳ್ಳದ ಪರಾಗದ ಕಣವೊಂದನ್ನು ಕೆಲವರ ದೇಹ ಶತ್ರುವೆಂದು ಭಾವಿಸಿ ಹೋರಾಟಕ್ಕಿಳಿಯುತ್ತದೆ, ಆಗ ಬಿಡುಗಡೆಯಾಗುವ ಹಿಸ್ಟಮಿನ್ ಮೊದಲಾದ ದ್ರವ್ಯಗಳಿಂದ ತುರಿಕೆ, ಊತ, ಸ್ರಾವಗಳು ಉಂಟಾಗುತ್ತವೆ.

ಅಷ್ಟಾಂಗಹೃದಯದಲ್ಲಿ ವಾಗ್ಭಟಾಚಾರ್ಯರು ಋತುಸಂಧಿಯೆಂಬ ಹದಿನಾಲ್ಕು ದಿನಗಳ ಅವಧಿಯನ್ನು ಹೇಳಿದ್ದಾರೆ. ಕಳೆಯುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ. ಈ ಅವಧಿಯಲ್ಲಿ ಹಳೆಯ ಋತುವಿನ ಪಥ್ಯವನ್ನು ಮೆಲ್ಲಮೆಲ್ಲನೆ ಬಿಟ್ಟು ಹೊಸತನ್ನು ಮೆಲ್ಲಮೆಲ್ಲನೆ ಹಿಡಿಯಬೇಕೆಂಬುದು ಅವರ ಆದೇಶ. ಚಳಿಗಾಲದಲ್ಲಿ ಸಂಚಯವಾದ ಕಫವು ವಸಂತದ ಬಿಸಿಲಿಗೆ ಕರಗಿ ಹರಿಯುತ್ತದೆ ಎಂಬ ಅವರ ವಿವರಣೆಯನ್ನು, ಶಿವರಾತ್ರಿಯಿಂದ ಯುಗಾದಿಯವರೆಗೆ ಯಾವ ಊರಿನ ಚಿಕಿತ್ಸಾಲಯದಲ್ಲಿ ಕುಳಿತರೂ ಪ್ರತ್ಯಕ್ಷ ಕಾಣಬಹುದು.

ಹಿರಿಯರ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ವಯಸ್ಸಿನ ಕೊನೆಯ ಭಾಗದಲ್ಲಿ ವಾತವೇ ಪ್ರಧಾನ. ಮೂಗಿನ ಒಳಪದರ ತೆಳುವಾಗಿ ಒಣಗಿರುತ್ತದೆ, ಹೊಟ್ಟೆ ಒಣಗಿ ಮಲಬದ್ಧತೆ ಇರುತ್ತದೆ. ವಸಂತದ ಕಫವನ್ನು ಒಣಗಿಸಲೆಂದು ಯುವಕರಿಗೆ ಹೇಳುವ ತೀಕ್ಷ್ಣ ಉಪಾಯಗಳನ್ನೆಲ್ಲ ಹಿರಿಯರಿಗೆ ಹೇಳಿದರೆ ಕಫ ಇಳಿಯುವ ಮೊದಲೇ ವಾತ ಕೆರಳುತ್ತದೆ. ವಮನ ಚಿಕಿತ್ಸೆಯು ವೃದ್ಧರಿಗೆ ಸಲ್ಲದೆಂದು ಶಾಸ್ತ್ರವೇ ನಿಷೇಧಿಸಿರುವುದು ಈ ಕಾರಣದಿಂದ. ಕೊರೋನಾ ಕಾಲದಲ್ಲಿ ದಿನಕ್ಕೆ ನಾಲ್ಕು ಬಾರಿ ಮೆಣಸು, ಶುಂಠಿ, ಲವಂಗದ ಕಷಾಯ ಕುಡಿದು ಎದೆಯುರಿ, ಬಾಯಿಹುಣ್ಣು ತಂದುಕೊಂಡ ಹಿರಿಯರು ಎಷ್ಟು ಮಂದಿ! ಔಷಧವೆಂಬ ಕಾರಣಕ್ಕೆ ಅದಕ್ಕೆ ಮಿತಿಯಿಲ್ಲವೆಂದು ಬಗೆಯುವುದು ನಮ್ಮ ಜನರಲ್ಲಿ ಬಲವಾಗಿ ಬೇರೂರಿದ ಭ್ರಮೆ.

ನಮ್ಮ ಗಾಳಿಯಲ್ಲಿ ಏನಿದೆ

ಪರಾಗವೆಂದೊಡನೆ ಜನರು ಕಣ್ಣಿಗೆ ಕಾಣುವ ಹೂವನ್ನು ದೂರುತ್ತಾರೆ. ಬಣ್ಣದ, ಪರಿಮಳದ ಹೂವುಗಳು ದುಂಬಿಗಳನ್ನು ಕರೆಯಲು ಅರಳುವಂಥವು. ಅವುಗಳ ಪರಾಗ ಭಾರ, ಅಂಟು. ಗಾಳಿಯಲ್ಲಿ ದೂರ ಹಾರುವುದಿಲ್ಲ. ಉಪದ್ರವ ಕೊಡುವವು ಬಹುಮಟ್ಟಿಗೆ ಗಾಳಿಯನ್ನೇ ನಂಬಿದ ಹುಲ್ಲುಗಳು, ಕಳೆಗಳು, ಕೆಲವು ಮರಗಳು. ಮಳೆಗಾಲದ ಕೊನೆಯಿಂದ ದೀಪಾವಳಿಯವರೆಗೆ ಬದುವಿನ ಹುಲ್ಲುಗಳು ತೆನೆಗಟ್ಟಿ ಪರಾಗ ಚೆಲ್ಲುತ್ತವೆ. ಬಯಲುಸೀಮೆಯ ಕೆರೆಯಂಗಳ, ರಸ್ತೆಬದಿಗಳಲ್ಲಿ ಬಳ್ಳಾರಿ ಜಾಲಿಯಿದೆ. ಇವೆಲ್ಲಕ್ಕಿಂತ ಕುಖ್ಯಾತವಾದದ್ದು ಪಾರ್ಥೇನಿಯಂ, ನಮ್ಮ ರೈತರು ಕಾಂಗ್ರೆಸ್ ಕಳೆ ಎನ್ನುವುದು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಅಮೆರಿಕ ಮೂಲದ ಕಳೆ ಕೆಲವೇ ದಶಕಗಳಲ್ಲಿ ನಾಡನ್ನೆಲ್ಲ ಆವರಿಸಿತು. ಇದನ್ನು ತಿನ್ನುವ ಮೆಕ್ಸಿಕೋ ದೇಶದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ದುಂಬಿ ತನ್ನ ಕೆಲಸ ಮಾಡಿತು. ಕಳೆ ಇಂದಿಗೂ ಇದೆ. ಅದರ ಪರಾಗದಿಂದ ಸೀನು, ದಮ್ಮು. ಎಲೆ ತಗುಲಿದರೆ ಕೆಲವರಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಹಟಮಾರಿ ತುರಿಕೆ, ಕಜ್ಜಿ.

ಪರಾಗವಷ್ಟೇ ಅಲ್ಲ. ತೊಗರಿ, ಕಡಲೆ, ಬಿಳಿಜೋಳಗಳ ರಾಶಿಯ ಕಾಲವಿದು. ಹಿಂದೆ ಕಣದಲ್ಲಿ ಎತ್ತು ತುಳಿಸಿ ಗಾಳಿಗೆ ತೂರುತ್ತಿದ್ದರು. ಈಗ ಯಂತ್ರವು ಒಂದು ತಾಸಿನಲ್ಲಿ ಊರಿಗೆಲ್ಲ ಹೊಟ್ಟಿನ ಧೂಳು ಹಂಚುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಕತೆ ಬೇರೆ: ಅಲ್ಲಿ ಮಳೆಗಾಲದ ತೇವದಲ್ಲಿ ಗೋಡೆಯ ಬೂಷ್ಟು, ಹಾಸಿಗೆಯ ಧೂಳುಹುಳ ಇವೇ ಮುಖ್ಯ ಕಾರಣಗಳು. ಕಣ್ಣಿಗೆ ಕಾಣದ ಈ ಹುಳಗಳು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನೇ ತಿಂದು ಹಾಸಿಗೆ, ದಿಂಬು, ಕಂಬಳಿಗಳಲ್ಲಿ ವಾಸಿಸುತ್ತವೆ. ಹೀಗಾಗಿ ಯಾರಿಗೆ ಯಾವ ತಿಂಗಳು ಹೆಚ್ಚು, ಯಾವ ಸ್ಥಳದಲ್ಲಿ ಹೆಚ್ಚು ಎಂಬುದನ್ನು ಒಂದು ವರ್ಷ ಪಂಚಾಂಗದ ಬದಿಯಲ್ಲಿ ಗುರುತು ಹಾಕಿಕೊಂಡರೆ ಅರ್ಧ ರೋಗನಿದಾನ ಮನೆಯಲ್ಲಿಯೇ ಆದಂತೆ.

ಎಲ್ಲ ಕೆಮ್ಮೂ ಅಲರ್ಜಿಯಲ್ಲ

ಅರವತ್ತೈದು ದಾಟಿದ ಮೇಲೆ ಮೊಟ್ಟಮೊದಲ ಬಾರಿಗೆ ಅಲರ್ಜಿ ಶುರುವಾಗುವುದು ಅಸಾಧ್ಯವಲ್ಲವಾದರೂ ಅಪರೂಪ. ಆದ್ದರಿಂದ ಹಿರಿಯರು ತಾವಾಗಿಯೇ "ಇದು ಧೂಳಿನ ಅಲರ್ಜಿ" ಎಂದು ತೀರ್ಮಾನಿಸಬಾರದು. ಸತತವಾಗಿ ಸೀನು, ಮೂಗು ಕಣ್ಣುಗಳ ತುರಿಕೆ, ನೀರಿನಂಥ ಸ್ರಾವ, ಜ್ವರವಿಲ್ಲದಿರುವುದು, ವಾರಗಟ್ಟಲೆ ಇರುವುದು ಇವು ಅಲರ್ಜಿಯ ಲಕ್ಷಣಗಳು. ಜ್ವರ, ಮೈಕೈ ನೋವು ಕೂಡಿದ್ದರೆ ಅದು ಸೋಂಕು; ಅಂಥವರು ಮೂರುನಾಲ್ಕು ದಿನ ಮನೆಯಲ್ಲಿರುವುದೇ ಕೂಟದ ಇತರರಿಗೆ ಮಾಡುವ ಉಪಕಾರ.

ಬಿಸಿ ಸಾರು ಉಣ್ಣುವಾಗಲಷ್ಟೇ ಮೂಗಿನಿಂದ ನೀರಿಳಿಯುವುದು ಅನೇಕ ವೃದ್ಧರಿಗೆ ಉಂಟು. ಅದು ರೋಗವಲ್ಲ. ಊಟದ ಪಂಕ್ತಿಯಲ್ಲಿ ಹೆಗಲ ಮೇಲೊಂದು ವಸ್ತ್ರವಿದ್ದರೆ ಸಾಕು.

ಒಂದು ಸಂಗತಿಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ನಮ್ಮಲ್ಲಿಗೆ ಬಂದ ಎಪ್ಪತ್ತೆರಡು ವಯಸ್ಸಿನ ನಿವೃತ್ತ ಶಿಕ್ಷಕರೊಬ್ಬರು ಏಳು ತಿಂಗಳಿಂದ ಒಣಕೆಮ್ಮಿನಿಂದ ಬಳಲುತ್ತಿದ್ದರು. ಧೂಳಿನದೆಂದು ಕಾರ್ಯಕ್ರಮಗಳನ್ನು ಬಿಟ್ಟರು, ಹಾಸಿಗೆ ಬದಲಿಸಿದರು, ಮನೆಯ ಮುಂದಿನ ಬೇವಿನ ಕೊಂಬೆಗಳನ್ನೂ ಕಡಿಸಿದರು. ಅವರ ಚೀಲದಲ್ಲಿದ್ದ ಮಾತ್ರೆಗಳನ್ನು ನೋಡಿದಾಗ ರಕ್ತದೊತ್ತಡಕ್ಕೆ ಎನಲಾಪ್ರಿಲ್ ಸೇವಿಸುತ್ತಿರುವುದು ತಿಳಿಯಿತು. ಎನಲಾಪ್ರಿಲ್, ರಾಮಿಪ್ರಿಲ್ ಮೊದಲಾದ ಆ ವರ್ಗದ ಮಾತ್ರೆಗಳು ಕೆಲವರಲ್ಲಿ ಇಂಥ ಒಣಕೆಮ್ಮನ್ನು ಉಂಟುಮಾಡುತ್ತವೆ. ಅವರ ವೈದ್ಯರಿಗೆ ಚೀಟಿ ಬರೆದು ಕಳುಹಿಸಿದೆವು; ಅವರು ಬೇರೆ ವರ್ಗದ ಮಾತ್ರೆ ಕೊಟ್ಟರು; ಮೂರು ವಾರಗಳಲ್ಲಿ ಕೆಮ್ಮು ನಿಂತಿತು. ಓದುಗರು ಇದನ್ನು ಓದಿ ತಾವಾಗಿ ಮಾತ್ರೆ ನಿಲ್ಲಿಸಬಾರದು. ರಕ್ತದೊತ್ತಡದ ಮಾತ್ರೆಯನ್ನು ಬದಲಿಸಬೇಕಾದವರು ಬರೆದುಕೊಟ್ಟ ವೈದ್ಯರೇ.

ಎರಡು ವಾರ ಮೀರಿದ ಕೆಮ್ಮಿಗೆ ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಉಚಿತವಾಗಿ ನಡೆಯುತ್ತದೆ, ಕ್ಷಯವಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಒಂದೇ ಹೊಳ್ಳೆ ಕಟ್ಟಿ ರಕ್ತ ಕಂಡರೆ ಕಿವಿ ಮೂಗು ಗಂಟಲಿನ ತಜ್ಞರಲ್ಲಿಗೆ ಹೋಗಬೇಕು. ಮಲಗಿದೊಡನೆ ಉಸಿರು ಕಟ್ಟುವುದು, ಜೊತೆಗೆ ಪಾದಗಳ ಊತ, ಇವು ಹೃದಯದ ದೌರ್ಬಲ್ಯದ ಸೂಚನೆಯಾಗಿರಬಹುದು. ಅದನ್ನು ಅಲರ್ಜಿಯೆಂದು ಶುಂಠಿಕಷಾಯದಲ್ಲಿ ಕಾಲ ಕಳೆಯುವುದು ಪ್ರಾಣಕ್ಕೆ ಎರವಾಗುತ್ತದೆ.

ಕೂಟದ ಏರ್ಪಾಡು ಹೇಗಿರಬೇಕು

ಕಾರ್ಯಕರ್ತರು ಭಕ್ತಿಯಿಂದ ಮಾಡುವ ಒಂದು ಕೆಲಸವೇ ಹಿರಿಯರಿಗೆ ಮೊದಲ ತೊಂದರೆ. ಸಭೆ ಆರಂಭವಾಗಲು ಹತ್ತು ನಿಮಿಷವಿರುವಾಗ ಕಸಬರಿಗೆಯಿಂದ ಸಭಾಭವನವನ್ನು ಗುಡಿಸುತ್ತಾರೆ, ಜಮಖಾನೆಗಳನ್ನು ಅಲ್ಲಿಯೇ ಕೊಡವಿ ಹಾಸುತ್ತಾರೆ, ಬಳಿಕ ಫ್ಯಾನು ಹಾಕುತ್ತಾರೆ. ಮೇಲೆದ್ದ ಧೂಳು ಕೆಳಗಿಳಿಯಲು ಬಹಳ ಹೊತ್ತು ಬೇಕು. ಫ್ಯಾನು ಅದನ್ನು ಇಳಿಯಗೊಡುವುದಿಲ್ಲ. ಸಭೆಗೆ ಒಂದೆರಡು ತಾಸು ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ಕಿಟಕಿ ತೆರೆದಿಟ್ಟರೆ, ಜಮಖಾನೆಗಳನ್ನು ವಾರಕ್ಕೊಮ್ಮೆ ಹೊರಗೆ ಬಿಸಿಲಿಗೆ ಹಾಕಿ ಅಲ್ಲಿಯೇ ಕೊಡವಿ ತಂದರೆ, ಅರ್ಧದಷ್ಟು ಸೀನು ತಾನಾಗಿ ಕಡಿಮೆಯಾಗುತ್ತದೆ. ಹಿರಿಯರಿಗೆ ಕುರ್ಚಿ ಹಾಕುವುದು ಮಂಡಿಗಷ್ಟೇ ಅಲ್ಲ, ಮೂಗಿಗೂ ಹಿತ. ನೆಲದ ಧೂಳಿನಿಂದ ಮುಖವು ಎರಡಡಿ ಮೇಲಿರುತ್ತದೆ.

ಧೂಪ, ಊದಿನಕಡ್ಡಿ, ಲೋಬಾನಗಳ ವಿಷಯದಲ್ಲಿ ಭಕ್ತರು ನಮ್ಮ ಮಾತನ್ನು ಅನ್ಯಥಾ ಭಾವಿಸಬಾರದು. ಹೊಗೆ ದೇವರದಾದರೂ ಶ್ವಾಸಕೋಶಕ್ಕೆ ಅದು ಹೊಗೆಯೇ. ಮುಚ್ಚಿದ ಕೋಣೆಯಲ್ಲಿ ನಲವತ್ತು ಜನ ಹಿರಿಯರು ಕುಳಿತಿರುವಾಗ ಧೂಪ ಹಾಕುವ ಬದಲು ಅವರು ಬರುವ ಮುನ್ನವೇ ಧೂಪಾರತಿ ಮುಗಿಸಿ ಬಾಗಿಲು ತೆರೆದರೆ ಪರಿಮಳ ಉಳಿಯುತ್ತದೆ, ಹೊಗೆ ಹೋಗುತ್ತದೆ. ದಮ್ಮಿನ ತೊಂದರೆಯುಳ್ಳವರು ವಿಭೂತಿಯನ್ನು ಒಣಪುಡಿಯಾಗಿ ಹಚ್ಚದೆ ನೀರಿನಲ್ಲಿ ಕಲಸಿ ಧರಿಸುವುದು ಮೇಲು. ಸಂಪ್ರದಾಯದಲ್ಲಿಯೂ ಈ ಕ್ರಮವಿದ್ದೇ ಇದೆ.

ಕೂಟಕ್ಕೆ ಬಂದ ಹಿರಿಯರು ಸುಮ್ಮನೆ ಕೂರುವವರಲ್ಲ, ಕೂರಿಸಲೂ ಬಾರದು. ಅಡುಗೆಮನೆಯ ಕೆಲಸ, ಹೂ ಕಟ್ಟುವುದು, ತೋಟ, ಗ್ರಂಥಾಲಯ ಇವುಗಳಲ್ಲಿ ಕೈಯಾಡಿಸಿದರೇ ಅವರಿಗೆ ಬಂದ ಸಾರ್ಥಕತೆ. ಆದರೆ ಯಾರಿಗೆ ಯಾವ ಕಾಯಕವೆಂಬುದನ್ನು ಮೂಗು ನೋಡಿ ಹಂಚಬೇಕು. ಜೋಳ ಹಸನು ಮಾಡುವುದು, ಹಿಟ್ಟು ಜರಡಿ ಹಿಡಿಯುವುದು, ಮೆಣಸಿನಕಾಯಿ ತೊಟ್ಟು ಮುರಿಯುವುದು ಸೀನಿನವರಿಗೆ ಬೇಡ. ತರಕಾರಿ ಹೆಚ್ಚುವುದು, ಅವರೆ ಬಿಡಿಸುವುದು, ಪಂಕ್ತಿಯಲ್ಲಿ ನೀರು ಬಡಿಸುವುದು ಆಗಬಹುದು. ಹಳೆಯ ಪುಸ್ತಕಗಳ ಕಪಾಟನ್ನು ಅವರು ತೆರೆಯದಿರಲಿ. ಮಕ್ಕಳು ಪುಸ್ತಕಗಳನ್ನು ಹೊರಗೆ ತಂದು ಒರೆಸಿ ಕೊಟ್ಟ ಬಳಿಕ ಪಟ್ಟಿ ಬರೆಯುವ ಕೆಲಸ ಅವರದಾಗಲಿ. ಹೂ ಕಟ್ಟುವವರಲ್ಲಿ ಒಂದು ಸೂಕ್ಷ್ಮವಿದೆ. ಸೇವಂತಿಗೆ, ಚೆಂಡುಹೂ, ಸೂರ್ಯಕಾಂತಿಗಳು ಪಾರ್ಥೇನಿಯಂ ಕಳೆಯ ಕುಟುಂಬಕ್ಕೇ ಸೇರಿದ ಸಸ್ಯಗಳು. ಆ ಕಳೆಯಿಂದ ಮೈ ಕೆರೆತ ಬಂದವರಲ್ಲಿ ಕೆಲವರಿಗೆ ಈ ಹೂಗಳನ್ನು ಮುಟ್ಟಿದರೂ ಕೈಬೆರಳು, ಕಣ್ಣಿನ ರೆಪ್ಪೆಗಳು ಕೆರಳುತ್ತವೆ. ಅಂಥ ತಾಯಂದಿರಿಗೆ ಮಲ್ಲಿಗೆ, ಕನಕಾಂಬರಗಳನ್ನು ಕೊಟ್ಟರೆ ಕಾಯಕವೂ ತಪ್ಪದು, ಕೆರೆತವೂ ತಪ್ಪೀತು.

ಕಳೆ ಕೀಳುವ ಶ್ರಮದಾನಕ್ಕೆ ಹಿರಿಯರನ್ನು ಕರೆಯುವುದೇ ಬೇಡ. ಅದು ಯುವಕರ ಪಾಲಿನದು. ಅವರೂ ಬರಿಗೈಯಿಂದ ಮುಟ್ಟಬಾರದು. ಮಳೆ ಬಿದ್ದು ಮಣ್ಣು ಸಡಿಲಾದಾಗ, ಹೂ ಬಿಡುವ ಮೊದಲೇ, ಕೈಗವುಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ ಬೇರುಸಹಿತ ಕೀಳಬೇಕು. ಹೂ ಬಿಟ್ಟ ಗಿಡವನ್ನು ಜಾಡಿಸಿ ಎಳೆದರೆ ಆವರಣದ ತುಂಬ ಪರಾಗವನ್ನು ಎರಚಿದಂತಾಗುತ್ತದೆ.

ಬೆಳಗಿನ ನಡಿಗೆಯ ಹೊತ್ತನ್ನೂ ಬದಲಿಸಬೇಕು. ನಮ್ಮ ಹಿರಿಯರಿಗೆ ಐದಕ್ಕೇ ಏಳುವ ರೂಢಿ. ಆ ಹೊತ್ತಿನಲ್ಲಿ ಚಳಿಗಾಲದ ಹೊಗೆ, ಇಬ್ಬನಿ ನೆಲದ ಸಮೀಪದಲ್ಲಿಯೇ ತಂಗಿರುತ್ತವೆ. ಎದ್ದು ಸ್ನಾನ, ಪೂಜೆ ಮುಗಿಸಿ, ಬಿಸಿಲು ತುಸು ಮೈಗೆ ಹತ್ತಿದ ಮೇಲೆ ಹೊರಡುವುದು ಲೇಸು. ಹೊಲದ ಕಡೆಯಲ್ಲಿ ಹುಲ್ಲು ಹೂಬಿಟ್ಟಿದ್ದರೆ ಅಥವಾ ರಾಶಿ ನಡೆದಿದ್ದರೆ ಆ ದಾರಿ ಬಿಟ್ಟು ಮಠದ ಪ್ರಾಕಾರದಲ್ಲಿಯೇ ಇಪ್ಪತ್ತು ನಿಮಿಷ ಸುತ್ತಬಹುದು. ಮನೆಗೆ ಮರಳಿದೊಡನೆ ಮುಖ, ಕಣ್ಣು, ಕೈಗಳನ್ನು ತೊಳೆದು ಅಂಗಿಯನ್ನೋ ಸೀರೆಯನ್ನೋ ಬದಲಿಸಬೇಕು. ಪರಾಗ ಬಟ್ಟೆಗೆ ಅಂಟಿ ಹಾಸಿಗೆಯವರೆಗೆ ಬರುತ್ತದೆ.

ಪ್ರಾಣಾಯಾಮವನ್ನು ಆಗಷ್ಟೇ ಗುಡಿಸಿದ ಕೋಣೆಯಲ್ಲಿ ಮಾಡಿಸುವುದನ್ನು ನಾವು ಹಲವೆಡೆ ಕಂಡಿದ್ದೇವೆ. ಧೂಳನ್ನು ಆಳವಾಗಿ ಎಳೆದುಕೊಳ್ಳುವ ಸಾಧನೆ ಅದು. ಅನುಲೋಮ ವಿಲೋಮ, ಭ್ರಾಮರಿಗಳು ಹಿರಿಯರಿಗೆ ಸಾಕು. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ ಇರುವವರು ಕಪಾಲಭಾತಿಗೆ ಕೈಹಾಕಬಾರದು. ವಚನಗಾಯನವು ಉಸಿರಿಗೆ ಒಳ್ಳೆಯ ವ್ಯಾಯಾಮ. ಕೆಮ್ಮಿರುವ ದಿನ ಹಾಡುವವರ ನಡುವೆಯೇ ಕುಳಿತು ತಾಳ ಹಾಕಿದರಾಯಿತು. ಬಿಸಿನೀರಿನ ಫ್ಲಾಸ್ಕು ಸಮೀಪದಲ್ಲಿರಲಿ.

ಜಾತ್ರೆಯ ತೇರಿನ ದಿನ ಎದ್ದ ಧೂಳು ಸಂಜೆಯವರೆಗೆ ಇಳಿಯುವುದಿಲ್ಲ. ತೇರಿನ ಬೀದಿಗೆ ಬೆಳಿಗ್ಗೆ, ಮಧ್ಯಾಹ್ನ ನೀರು ಚಿಮುಕಿಸುವುದೂ, ಹಿರಿಯರಿಗೆ ಗಾಳಿ ಬೀಸುವ ದಿಕ್ಕಿನ ಜಗಲಿಯ ಮೇಲೆ ಸ್ಥಳ ಮಾಡುವುದೂ ಸಮಿತಿಯವರಿಗೆ ಕಷ್ಟದ ಕೆಲಸವಲ್ಲ. ಮೂಗಿಗೆ ಒದ್ದೆ ವಸ್ತ್ರವೋ ಮಾಸ್ಕೋ ಇದ್ದರೆ ಉತ್ತತ್ತಿ ಎಸೆಯುವ ಸಂಭ್ರಮವನ್ನೂ ಬಿಡಬೇಕಾಗಿಲ್ಲ.

ಔಷಧಗಳ ಮಾತು

ಕೂಟಕ್ಕೆ ಬರಬೇಕೆಂಬ ಆಸೆಯಿಂದ ಹಿರಿಯರು ಅಂಗಡಿಯಲ್ಲಿ ಸಿಗುವ ನೆಗಡಿ ಮಾತ್ರೆಯೊಂದನ್ನು ನುಂಗಿ ಬರುತ್ತಾರೆ. ಸೀನು ನಿಲ್ಲುತ್ತದೆ, ಪ್ರವಚನದಲ್ಲಿ ತೂಕಡಿಕೆ ಹತ್ತುತ್ತದೆ. ತೂಕಡಿಸಿದರೆ ನಗೆಯಾಡಿ ಬಿಡಬಹುದು. ಅದೇ ಮಂಪರಿನಲ್ಲಿ ಮೆಟ್ಟಿಲಿಳಿಯುವಾಗ ಕಾಲು ತಪ್ಪಿದರೆ ತೊಡೆಯ ಸಂಧಿಯ ಮೂಳೆ ಮುರಿಯುತ್ತದೆ, ಆ ಒಂದು ಬೀಳಿನಿಂದ ಹಾಸಿಗೆ ಹಿಡಿದು ಮತ್ತೆ ಏಳದವರಿದ್ದಾರೆ. ಇಂಥ ಮಾತ್ರೆಗಳಲ್ಲಿ ಬಹುಮಟ್ಟಿಗೆ ಇರುವ ಕ್ಲೋರ್‌ಫೆನಿರಮಿನ್ ಎಂಬ ಹಳೆಯ ಔಷಧವು ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ವೃದ್ಧರಲ್ಲಿ ಬುದ್ಧಿಭ್ರಮೆಯನ್ನೂ ಉಂಟುಮಾಡಬಲ್ಲದು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾದವರಿಗೆ ಮೂತ್ರವೇ ಕಟ್ಟಿಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಈ ಸಂಕಟದಿಂದ ಬಾಗಿಲು ತಟ್ಟಿದವರನ್ನು ನಾವು ಬಲ್ಲೆವು. ಅದೇ ಮಾತ್ರೆಯಲ್ಲಿ ಕೂಡಿಸಿರುವ ಫಿನೈಲೆಫ್ರಿನ್ ರಕ್ತದೊತ್ತಡವನ್ನು ಏರಿಸಬಲ್ಲದು. ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಆಕ್ಸಿಮೆಟಜೊಲಿನ್, ಕ್ಸೈಲೊಮೆಟಜೊಲಿನ್ ಹನಿಗಳನ್ನು ಮೂರರಿಂದ ಐದು ದಿನ ಮೀರಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಅಲೋಪತಿಯಲ್ಲಿ ಮಂಪರು ಕಡಿಮೆಯಿರುವ ಹೊಸ ಮಾತ್ರೆಗಳೂ ಮೂಗಿನ ಸ್ಪ್ರೇಗಳೂ ಇವೆ. ಅವನ್ನು ವೈದ್ಯರ ಸಲಹೆಯಿಂದ ತೆಗೆದುಕೊಳ್ಳುವುದಕ್ಕೆ ಆಯುರ್ವೇದದ ಅಡ್ಡಿಯಿಲ್ಲ.

ನಮ್ಮ ಪದ್ಧತಿಯ ಔಷಧಗಳನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಬಾರದು. ಹರಿದ್ರಾಖಂಡ ಈ ರೋಗಕ್ಕೆ ಒಳ್ಳೆಯ ಯೋಗ, ಆದರೆ ಅದರಲ್ಲಿ ಸಕ್ಕರೆಯದೇ ದೊಡ್ಡ ಪಾಲು. ಸಿತೋಪಲಾದಿ ಚೂರ್ಣದಲ್ಲಿ ಒಟ್ಟು 31 ಭಾಗಗಳಿದ್ದರೆ ಅವುಗಳಲ್ಲಿ 16 ಭಾಗ ಕಲ್ಲುಸಕ್ಕರೆ. ಮಧುಮೇಹಿಗಳು ಆಯುರ್ವೇದದ್ದಲ್ಲವೇ ಎಂದು ದಿನವೂ ಚಮಚಗಟ್ಟಲೆ ತಿಂದರೆ ರಕ್ತದ ಸಕ್ಕರೆ ಏರದಿರುತ್ತದೆಯೆ? ಕೆಮ್ಮಿಗೆ ಎಲ್ಲರೂ ಬಾಯಿಗೆ ಹಾಕಿಕೊಳ್ಳುವ ಜ್ಯೇಷ್ಠಮಧುವನ್ನು ವಾರಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರಿ ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಎರಡುಮೂರು ದಿನ ಚೀಪಿದರೆ ದೋಷವಿಲ್ಲ. ಇನ್ನು "ಮೂರೇ ದಿನದಲ್ಲಿ ದಮ್ಮು ಮಾಯ" ಎಂದು ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮುಖ ಊದಿ, ಸಕ್ಕರೆ ಏರಿ, ಮೂಳೆ ಟೊಳ್ಳಾದ ಮೇಲೆ ಅದರ ನಿಜ ತಿಳಿಯುತ್ತದೆ. ಅಂಥದ್ದಕ್ಕೆ ಆಯುರ್ವೇದದ ಹೆಸರು ಅಂಟಿಸುವುದು ನಮಗೆ ಬಹಳ ನೋವು ತರುವ ಸಂಗತಿ.

ಮನೆಯಲ್ಲಿ ನಿರಪಾಯವಾಗಿ ಮಾಡಬಹುದಾದದ್ದು ಪ್ರತಿಮರ್ಶ ನಸ್ಯ. ಹುಟ್ಟಿನಿಂದ ಕೊನೆಯವರೆಗೆ ಇದು ಹಿತವೆಂದು ವಾಗ್ಭಟರು ಹೇಳಿದ್ದಾರೆ. ಬೆಳಿಗ್ಗೆ ಶುದ್ಧ ಎಳ್ಳೆಣ್ಣೆಯನ್ನಾಗಲಿ ವೈದ್ಯರು ಕೊಟ್ಟ ಅಣುತೈಲವನ್ನಾಗಲಿ ತುಸು ಬೆಚ್ಚಗೆ ಮಾಡಿ ಪ್ರತಿ ಹೊಳ್ಳೆಗೆ ಎರಡು ಹನಿ ಹಾಕಿ, ಗಂಟಲಿಗೆ ಇಳಿದದ್ದನ್ನು ನುಂಗದೆ ಉಗುಳಬೇಕು. ಒಣಗಿದ ಪದರಕ್ಕೆ ಸ್ನಿಗ್ಧತೆ ಬರುತ್ತದೆ. ಎರಡು ಹನಿಯೆಂದರೆ ಎರಡೇ ಹನಿ. ಹೊಸ ನೆಗಡಿ ಜ್ವರವಿರುವಾಗ, ಉಂಡ ಕೂಡಲೆ, ತಲೆಸ್ನಾನದ ಬೆನ್ನಿಗೇ ಮಾಡಬಾರದು. ಪಾರ್ಶ್ವವಾಯುವಿನಿಂದ ನುಂಗಲು ತೊಂದರೆಯಿರುವವರಿಗೆ ಇದು ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಜಾರಿದರೆ ನ್ಯುಮೋನಿಯಾ ಆಗುತ್ತದೆ. ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಯೂ ಗುಣಕಾರಿ. ನೀರು ಮಾತ್ರ ಕುದಿಸಿ ಆರಿಸಿದ್ದೇ ಆಗಿರಬೇಕು. ಹಬೆ ತೆಗೆದುಕೊಳ್ಳುವ ಹಿರಿಯರು ಕುದಿಯುವ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಟ್ಟುಕೊಂಡ ಪ್ರಸಂಗಗಳು ಹಲವು. ಪಾತ್ರೆ ಮೇಜಿನ ಮೇಲಿರಲಿ, ಪಕ್ಕದಲ್ಲಿ ಒಬ್ಬರಿರಲಿ.

ಆಹಾರದಲ್ಲಿ ವಸಂತಕ್ಕೆ ಹಳೆಯ ಧಾನ್ಯ ಶ್ರೇಷ್ಠ. ಬಿಸಿ ಜೋಳದ ರೊಟ್ಟಿ, ಹೆಸರುಬೇಳೆಯ ತೊವ್ವೆ, ಹುರುಳಿ ಸಾರು, ಹಾಗಲ, ಮೆಂತ್ಯ, ನುಗ್ಗೆ ಇವು ಕಫವನ್ನು ಹಗುರಗೊಳಿಸುತ್ತವೆ. ವಾತ ಕೆರಳದಂತೆ ಮೇಲೊಂದು ಚಮಚ ತುಪ್ಪವಿರಲಿ. ರಾತ್ರಿ ಮೊಸರು ಬೇಡ. ಮಧ್ಯಾಹ್ನದ ದಾಸೋಹದ ಬಳಿಕ ಹಿರಿಯರೆಲ್ಲ ಮಂಟಪದಲ್ಲಿ ಉರುಳುವುದು ರೂಢಿ. ಗ್ರೀಷ್ಮದಲ್ಲಿ ಅದಕ್ಕೆ ಶಾಸ್ತ್ರದ ಅನುಮತಿಯಿದೆ, ವಸಂತದಲ್ಲಿ ಇಲ್ಲ. ತೀರ ದಣಿದವರು ಕುಳಿತಲ್ಲಿಯೇ ಒರಗಿ ಕಣ್ಣು ಮುಚ್ಚಬಹುದು.

ದಮ್ಮಿಗೆ ಇನ್ಹೇಲರ್ ಬಳಸುವವರು ಅದು ಚಟವಾಗುತ್ತದೆಂಬ ಮಾತಿಗೆ ಕಿವಿಗೊಟ್ಟು ನಿಲ್ಲಿಸಬಾರದು. ನಮ್ಮ ಚಿಕಿತ್ಸೆಯನ್ನು ಆರಂಭಿಸುವವರಿಗೂ ನಾವು ಇದನ್ನೇ ಹೇಳುತ್ತೇವೆ. ಸ್ಟೀರಾಯ್ಡ್ ಇರುವ ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ತಕ್ಷಣದ ಉಪಶಮನಕ್ಕೆ ಕೊಟ್ಟ ಇನ್ಹೇಲರ್ ಕೂಟಕ್ಕೆ ಬರುವಾಗ ಮನೆಯ ಗೂಡಿನಲ್ಲಿರದೆ ಚೀಲದಲ್ಲಿರಬೇಕು. ಆ ಚೀಲ ಎಲ್ಲಿದೆಯೆಂಬುದು ಪಕ್ಕದಲ್ಲಿ ಕೂರುವವರಿಗೆ ತಿಳಿದಿರಬೇಕು. ಪ್ರತಿ ಕೂಟದ ಕಾರ್ಯಕರ್ತರು ಹಿರಿಯರ ಹೆಸರು, ಅವರಿಗಿರುವ ರೋಗ, ಸೇವಿಸುವ ಮಾತ್ರೆ, ಮಕ್ಕಳ ಅಥವಾ ನೆರೆಯವರ ದೂರವಾಣಿ ಸಂಖ್ಯೆಗಳನ್ನು ಬರೆದ ಒಂದು ಪುಸ್ತಕವನ್ನು ಇಟ್ಟುಕೊಳ್ಳಬೇಕು. ಒಂದು ವಾಕ್ಯವನ್ನು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಉಸಿರೆಳೆಯುವಾಗ ಪಕ್ಕೆ ಒಳಸರಿಯುವುದು, ಮಂಕು ಕವಿಯುವುದು ಇವುಗಳಲ್ಲಿ ಒಂದು ಕಂಡರೂ ರೋಗಿಯನ್ನು ಮಲಗಿಸದೆ, ತುಸು ಮುಂದಕ್ಕೆ ಬಾಗಿಸಿ ಕೂರಿಸಿ, ಇನ್ಹೇಲರ್ ಕೊಟ್ಟು, ಸುತ್ತ ಮುತ್ತಿದವರನ್ನು ದೂರ ಸರಿಸಿ, 108ಕ್ಕೆ ಕರೆ ಮಾಡಬೇಕು.